ನೀರು ಕಲಿತ ಕೂಗು

ಇದನ್ನ ಇನ್ನೊಬ್ಬರಿಗೆ ಹೇಳಬಾರದು ಅಂತ ಮೇಷ್ಟ್ರು ಅಜ್ಜಿಗೆ ಹೇಳಿದ್ದರಂತೆ. ಅಜ್ಜಿ ಅದನ್ನ ನನಗೆ ಹೇಳಿದರು. ಹೇಳಿ ಮುಗಿಸಿ, "ನೀನು ಮಾತ್ರ ಯಾರ ಹತ್ರನೂ ಬಾಯಿ ಬಿಡಬೇಡ ಕಣೇ" ಅಂದರು. ನಾನು ಇದುವರೆಗೆ ಯಾರಿಗೂ ಕತೆ ಹೇಳಿದೋಳಲ್ಲ, ಓದಿದೋಳು ಅಷ್ಟೆ. ಮೊದಲನೇ ಸಲ ಹೇಳ್ತಿರೋದು ಹೇಳಬೇಡ ಅಂದದ್ದನ್ನೇ. ಎಲ್ಲಾದರೂ ತಪ್ಪಿದರೆ ತಪ್ಪು ನನ್ನದು, ಮೇಷ್ಟ್ರದ್ದಲ್ಲ.

ಪ್ರಶ್ನೆ ಬಂದಿದ್ದು ಮುಚ್ಚಿದ ಬಾಗಿಲ ಆಚೆಯಿಂದ.

"ಮೇಷ್ಟ್ರೇ, ಒಂದ್ಸಲ ಚೆನ್ನಾಗಿ ಬಂದದ್ದನ್ನೇ ಹೆಸರು ಬದಲಾಯಿಸಿ ಮತ್ತೆ ಬರೆದು ಕೊಟ್ಟುಬಿಡಲಾ? ಇಲ್ಲಾ ಬರೆಯೋದನ್ನೇ ಬಿಟ್ಟುಬಿಡಲಾ? ಎರಡರಲ್ಲಿ ಒಂದು ಹೇಳಿ. ನನಗೆ ಬೇರೆ ದಾರಿ ಕಾಣ್ತಿಲ್ಲ."

ಕೇಳಿದ್ದು ಇಂದುಮತಿ ಅತ್ತೆ, ಅಜ್ಜಿಯ ಮಗಳು. ವಾರಪತ್ರಿಕೆಗೆ ಧಾರಾವಾಹಿ ಬರೆಯೋದೇ ಅವರ ಕೆಲಸ. ಮನೆ ನಡೀತಿದ್ದದ್ದೂ ಅದರಿಂದಲೇ. ಅವರ ಒಂದು ಕಾದಂಬರಿ ಮನೆಮನೆಗೂ ಹೋಗಿತ್ತು. ಬಸ್ಸಲ್ಲಿ ಪಕ್ಕದಲ್ಲಿ ಕೂತೋರು ಅದರ ಮಾತುಗಳನ್ನ ಅತ್ತೆಗೇ ಒಪ್ಪಿಸ್ತಿದ್ದರು, ಬರೆದೋರು ಇವರೇ ಅಂತ ಗೊತ್ತಿಲ್ಲದೆ. ಅದಾದ ಮೇಲೆ ಅತ್ತೆ ಕೈಲಿ ಒಂದು ಪುಟವೂ ಉಳೀಲಿಲ್ಲ. ಬರೆಯೋದು, ಓದೋದು, ಹರಿಯೋದು. ಪತ್ರಿಕೆಯವರು ಫೋನ್ ಮಾಡಿ, "ಅದೇ ಥರದ್ದು ಇನ್ನೊಂದು ಕೊಡಿ ಮೇಡಂ, ಜನ ಅದನ್ನೇ ಕೇಳ್ತಾರೆ" ಅಂತಿದ್ದರು. ಕೊನೆಗೆ ಅತ್ತೆ ಕೋಣೆ ಬಾಗಿಲು ಹಾಕ್ಕೊಂಡರು. ಹೊರಗೆ ತಟ್ಟೆ ಇಟ್ಟರೆ ತಗೊಂಡು ಊಟ ಮಾಡ್ತಿದ್ದರು. ತೊಳೆದು ವಾಪಸ್ಸು ಇಡ್ತಿದ್ದರು. ಮಾತು ಮಾತ್ರ ಇಲ್ಲ.

ಅಜ್ಜಿ ಹೋಗಿ ಚೆನ್ನಿಗಪ್ಪ ಮೇಷ್ಟ್ರನ್ನ ಕರ್ಕೊಂಡು ಬಂದರು. ಅತ್ತೆಗೆ ಹೈಸ್ಕೂಲಲ್ಲಿ ಕನ್ನಡ ಕಲಿಸಿದೋರು. ಅತ್ತೆ ಏನೇ ಬರೆದರೂ ಮೊದಲು ಅವರ ಮನೆಗೆ ಹೋಗಿ ಓದಿ ಹೇಳ್ತಿದ್ದರು. ಮೇಷ್ಟ್ರಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ. ಬಾಗಿಲು ಯಾವ ಕಡೆ ಅಂತ ಕೈಯಲ್ಲಿ ಮುಟ್ಟಿ ನೋಡಿ, ಅದರ ಹೊರಗೆ ಕುರ್ಚಿ ಹಾಕಿಸ್ಕೊಂಡು ಕೂತರು. "ತೆಗಿ ಅಂತ ನಾನು ಹೇಳಲ್ಲ. ಕೇಳಿಸುತ್ತಾ?" ಅಂದರು. "ಕೇಳಿಸುತ್ತೆ" ಅಂತು ಒಳಗಿನ ದನಿ. ಆಮೇಲೆ ಬಂದಿದ್ದು ಆ ಪ್ರಶ್ನೆ.

ಮೇಷ್ಟ್ರು ಕುರ್ಚಿಯನ್ನ ಬಾಗಿಲಿಗೆ ಇನ್ನಷ್ಟು ಹತ್ತಿರ ಎಳ್ಕೊಂಡರು. ಆಮೇಲೆ, "ಒಂದು ನದಿ ಇತ್ತು" ಅಂದರು.

ನದಿ ದಡದಲ್ಲಿ ಒಂದು ಊರು. ಆ ಊರಿನ ಗಂಡಸರೆಲ್ಲ ಅಂಬಿಗರು. ಸಾಯಂಕಾಲ ದೋಣಿ ಹತ್ತಿ ನಡುಗಡ್ಡೆಗೆ ಹೋಗೋರು. ಬಲೆ ಬಿಟ್ಟು ಅಲ್ಲೇ ಮಲಗೋರು. ಬೆಳಗಾಗೋ ಹೊತ್ತಿಗೆ ಮೀನು ತುಂಬ್ಕೊಂಡು ಊರಿಗೆ ಬರೋರು. ಹೆಂಗಸರು ದಡದಲ್ಲಿ ಬುಟ್ಟಿ ಇಟ್ಕೊಂಡು ಕಾಯ್ತಿರೋರು, ಮೀನನ್ನ ಸಂತೆಗೆ ಹೊತ್ಕೊಂಡು ಹೋಗೋಕೆ.

ಮಾಗಿ ಕಾಲದಲ್ಲಿ ಮಾತ್ರ ಕಷ್ಟ. ಮಂಜು ಬಂದು ನದಿ ಮೇಲೆ ಕೂತ್ಕೊಂಡರೆ ಚಾಚಿದ ಕೈ ಕಾಣದು. ಮಂಜು ಕರಗೋವರೆಗೆ ಕಾದರೆ ಸಂತೆ ಮುಗಿದಿರುತ್ತೆ, ಮೀನು ಕೆಟ್ಟಿರುತ್ತೆ. ಊರಿಂದ ಸ್ವಲ್ಪ ಕೆಳಗೆ ನೀರು ಬಂಡೆಗಳ ನಡುವೆ ನುಗ್ಗುತ್ತೆ. ಅದಕ್ಕೆ ಹಲ್ಲುಬಂಡೆ ಅಂತ ಹೆಸರು. ದಡ ತಪ್ಪಿದ ದೋಣಿ ಹೋಗೋದು ಅಲ್ಲಿಗೇ.

ಅದಕ್ಕೇ ಮಂಜಿನ ದಿನ ದಡದಲ್ಲಿ ಒಬ್ಬಳು ನಿಂತು ಕೂಗಬೇಕು. ಅದೇ ಅವಳ ಕೆಲಸ. ಕೂಗು ಬಂದ ಕಡೆ ದಡ ಇದೆ ಅಂತ ದೋಣಿಯವರಿಗೆ ತಿಳಿಯುತ್ತೆ. ಅವಳು ಕೂಗೋವಾಗ ಬೇರೆ ಯಾರೂ ಬಾಯಿ ಬಿಡಬಾರದು. ನಾಲ್ಕು ಕಡೆಯಿಂದ ಸದ್ದು ಬಂದರೆ ದಡ ಎಲ್ಲಿ ಅಂತ ಯಾರಿಗೆ ಗೊತ್ತಾಗುತ್ತೆ? ಕೂಗಿದ್ದಕ್ಕೆ ಒಂದೊಂದು ದೋಣಿಯವರು ಒಂದೊಂದು ಮೀನು ಕೊಡೋರು. ಅವಳ ಮನೆ ಒಲೆ ಉರೀತಿದ್ದದ್ದು ಅದರಿಂದ.

ಇನ್ನೊಂದು ನಿಯಮ ಇತ್ತು. ಕೂಗು ದಿನಾ ಹೊಸದಾಗಿರಬೇಕು.

ಯಾಕೆ ಅಂದರೆ ಆ ನದಿಯೊಳಗೆ ಒಬ್ಬಳು ಇದ್ದಾಳೆ ಅಂತ ಊರಿನವರ ನಂಬಿಕೆ. ಅವಳಿಗೆ ಸ್ವಂತ ಮಾತಿಲ್ಲ. ಕೇಳಿದ್ದನ್ನ ಕಲಿತ್ಕೊಂಡು ಹಾಗೇ ತಿರುಗಿ ಕೂಗ್ತಾಳೆ. ಮಂಜಿನಲ್ಲಿ ಅವಳ ಕೂಗು ಕೇಳಿ ಆ ಕಡೆ ಹೋದ ದೋಣಿ ತಿರುಗಿ ಬರಲ್ಲ. ಆದ್ದರಿಂದ ದೋಣಿ ಹತ್ತೋ ಪ್ರತಿ ಹುಡುಗನಿಗೂ ಹುಟ್ಟು ಹಿಡಿಯೋಕೆ ಮುಂಚೆ ಒಂದು ಮಾತು ಹೇಳಿಕೊಡೋರು. "ಮೊದಲು ಕೇಳಿರೋ ಕೂಗು ಕೇಳಿದರೆ ಅದು ನೀರಿನದ್ದು. ಬೆನ್ನು ಕೊಟ್ಟು ಹುಟ್ಟು ಹಾಕು. ಎಂದೂ ಕೇಳದ ಕೂಗು ಕೇಳಿದರೆ ಅದು ನಮ್ಮವಳದ್ದು. ಆ ಕಡೆ ಬಾ."

ಇಷ್ಟು ಹೇಳೋ ಹೊತ್ತಿಗೆ ಒಳಗಿಂದ ಇಂದುಮತಿ ಅತ್ತೆ ಕೇಳಿದರು. "ಅಷ್ಟೆಲ್ಲ ಯಾಕೆ ಮೇಷ್ಟ್ರೇ? ಒಂದು ತಮಟೆ ಬಡಿದಿದ್ದರೆ ಆಗ್ತಿರಲಿಲ್ವಾ?"

"ತಮಟೆ ದಿನಾ ಒಂದೇ ಮಾತಾಡುತ್ತಲ್ಲಮ್ಮ. ನೀರು ಅದನ್ನ ಎಂದೋ ಕಲಿತುಬಿಟ್ಟಿತ್ತು" ಅಂದರು ಮೇಷ್ಟ್ರು.

ಅಜ್ಜಿಗೆ ಆಗ ಸ್ವಲ್ಪ ಜೀವ ಬಂತಂತೆ. ಅಷ್ಟು ದಿನದ ಮೇಲೆ ಮಗಳು ಒಂದು ಕತೆಗೆ ಕಿವಿ ಕೊಟ್ಟಳಲ್ಲ ಅಂತ.

ಆ ಊರಲ್ಲಿ ತುಂಬ ಕಾಲ ಕೂಗಿದೋಳು ಒಬ್ಬ ಮುದುಕಿ. ಅವಳ ಕೂಗು ಕೇಳಿದರೆ ನಗು ಬರೋದು. "ಎಮ್ಮೆ ಹಗ್ಗ ಕಿತ್ಕೊಂಡಿದೆ, ಹಿಡಿಯೋಕೆ ಬನ್ರೋ!" ಅಂತ ಒಂದು ದಿನ. "ಮುದ್ದೆ ತಣ್ಣಗಾದರೆ ನನ್ನನ್ನ ಬೈಬೇಡಿ!" ಅಂತ ಇನ್ನೊಂದು ದಿನ. "ನಿಮ್ಮ ಹೆಂಡಿರು ನಿಮ್ಮ ಮೇಲೆ ಏನೋ ಹೇಳ್ತಾವ್ರೆ, ಬಂದು ಕೇಳ್ರೋ!" ಅಂತ ಮತ್ತೊಂದು ದಿನ. ಆ ದಿನ ದೋಣಿಗಳು ಎಂದಿಗಿಂತ ಬೇಗ ಬಂದವು. ಒಂದು ಮಾಗಿಯಲ್ಲಿ ಮುದುಕಿಗೆ ನೆಗಡಿ ಹತ್ತಿ ಗಂಟಲು ಕಟ್ಟಿಹೋಯ್ತು. ಮಾತೇ ಹೊರಡಲಿಲ್ಲ. ದಡದ ಮೇಲೆ ನಿಂತು ಸುಮ್ಮನೆ ಕೆಮ್ಮಿದಳು. ದೋಣಿಗಳು ಆ ಕೆಮ್ಮನ್ನೇ ಹಿಡ್ಕೊಂಡು ಬಂದವು. "ಅಜ್ಜೀ, ನೀರಿಗೆ ಎಲ್ಲ ಬರುತ್ತೆ, ಕೆಮ್ಮೋಕೆ ಬರಲ್ಲ!" ಅಂತ ಅಂಬಿಗರು ನಕ್ಕರು. ಮುದುಕಿಯೂ ನಕ್ಕಳು, ನಗ್ತಾ ಇನ್ನಷ್ಟು ಕೆಮ್ಮಿದಳು.

ಮುದುಕಿಗೆ ಒಬ್ಬ ಮಗಳು, ಒಬ್ಬ ಮಗ. ಮಗ ದೋಣಿಗೆ ಹೋಗೋನು. ಮಗಳು ತಾಯಿ ಹಿಂದೆ ನಿಂತು ಕೂಗೋದನ್ನ ಕಲೀತಿದ್ದಳು. ಅವಳು ಮಾತು ಕಡಿಮೆ, ಸಂಕೋಚ ಜಾಸ್ತಿ. ತಾಯಿಯ ಕೂಗು ಕೇಳಿ ಅವಳಿಗೆ ನಾಚಿಕೆ ಆಗೋದು. ಒಂದು ದಿನ ಕೇಳಿಯೂಬಿಟ್ಟಳು. "ಅಮ್ಮ, ಸ್ವಲ್ಪ ಚೆನ್ನಾಗಿರೋದು ಏನಾದರೂ ಕೂಗಬಾರದಾ?"

"ಚೆನ್ನಾಗಿರೋದು ಹುಡುಕ್ತಾ ಕೂತರೆ ಅವರು ಬರೋದು ಯಾವಾಗ್ಲೇ?" ಅಂದಳು ತಾಯಿ.

ಮಗಳಿಗೆ ಆ ಮಾತು ಹಿಡಿಸಲಿಲ್ಲ. ತಾಯಿ ಮೇಲೆ ಪ್ರೀತಿ ಇತ್ತು, ಕೂಗಿನ ಮೇಲೆ ಇರಲಿಲ್ಲ.

ಆ ಮುದುಕಿ ತೀರಿಹೋದಳು. ಮಾಗಿಯಲ್ಲೇ ತೀರಿಹೋದಳು. ಮಣ್ಣು ಮಾಡಿ ಬಂದ ಮರುದಿನವೇ ಮಂಜು ಬಿತ್ತು. ದೋಣಿಗಳು ನಡುಗಡ್ಡೆಯಲ್ಲಿವೆ. ಹೆಂಗಸರು ಬಂದು ಅವಳ ಮನೆ ಮುಂದೆ ನಿಂತರು. ಯಾರೂ ಕೇಳೋಕೆ ಮುಂಚೆ ಮಗಳೇ ಎದ್ದು ತಲೆಗೆ ಸೆರಗು ಹೊದ್ಕೊಂಡು ದಡಕ್ಕೆ ಹೋದಳು. ಏನು ಕೂಗಬೇಕು ಅಂತ ಯೋಚನೆ ಮಾಡಿರಲಿಲ್ಲ. ಮನೆಯಲ್ಲಿ ಒಲೆ ಆರದ ಹಾಗೆ ನೋಡ್ಕೊಂಡಿದ್ದಳು, ಬಾಗಿಲು ತೆಗೆದೇ ಬಿಟ್ಟು ಬಂದಿದ್ದಳು. ತಾಯಿ ಹೋದ ಮನೆ ಬಾಗಿಲು ಹಾಕೋಕೆ ಮನಸ್ಸು ಬಂದಿರಲಿಲ್ಲ. ಅದೇ ಬಾಯಿಗೆ ಬಂತು.

"ದಾರಿ ಮರೆತವರೇ ಬನ್ನಿ, ಊರ ಮರೆತವರೇ ಬನ್ನಿ,
ಒಲೆ ಇನ್ನೂ ಆರಿಲ್ಲ, ಬಾಗಿಲು ಹಾಕಿಲ್ಲ, ಬನ್ನಿ."

ಹಿಂದೆ ನಿಂತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟರು. ದೋಣಿಗಳು ಬಂದವು. ಯಾರೂ ನಗಲಿಲ್ಲ. ಗಂಡಸರು ದೋಣಿಯಿಂದ ಇಳಿದು ಅವಳ ಮುಂದೆ ಒಂದು ಗಳಿಗೆ ನಿಂತು ಹೋದರು. ತಮ್ಮ ಬಂದು ಅವಳ ಭುಜದ ಮೇಲೆ ಹಣೆ ಇಟ್ಟು ಅತ್ತ. ತಾಯಿ ಸತ್ತಾಗಲೂ ಅವನು ಅತ್ತಿರಲಿಲ್ಲ.

ಆ ಕೂಗು ಊರಲ್ಲಿ ನಿಂತುಬಿಟ್ಟಿತು. ಹೆಂಗಸರು ಅದನ್ನ ತೊಟ್ಟಿಲು ತೂಗೋವಾಗ ಹಾಡಿಕೊಂಡರು. ಬೀಸೋವಾಗ ಹಾಡಿಕೊಂಡರು. ಮಾತು ಬರದ ಮಕ್ಕಳು ಅದರಲ್ಲೇ ಮಾತು ಕಲಿತವು. ಸಂತೆಯಿಂದ ಸಂತೆಗೆ ಹೋಗಿ ಪಕ್ಕದ ಊರುಗಳಿಗೂ ಮುಟ್ಟಿತು. ಒಬ್ಬ ಪಂಡಿತ ಅದನ್ನ ಕೇಳಿ ಇವಳನ್ನ ನೋಡೋಕೆ ಅಂತಲೇ ಬಂದ. ನೋಡಿ, "ತಾಯಿ, ಇಂಥದ್ದು ಒಂದು ಜನ್ಮಕ್ಕೆ ಒಂದೇ" ಅಂದ.

ಅವನು ಹೊಗಳಿದ್ದೇನೋ ನಿಜ. ಅವಳು ಅದನ್ನ ಶಾಪದ ಹಾಗೆ ಮನೆಗೆ ತಗೊಂಡು ಹೋದಳು.

ಮತ್ತೆ ಮಂಜು ಬಿತ್ತು. ಅವಳು ಬೇರೆ ಏನೋ ಕೂಗಿದಳು. ದೋಣಿಗಳು ಬಂದವು, ಮೀನು ಸಿಕ್ಕಿತು. ಒಬ್ಬಳು ಬುಟ್ಟಿ ಎತ್ತಿಕೊಳ್ತಾ, "ಚೆನ್ನಾಗಿತ್ತು ಕಣೇ. ಆದರೆ ಅವತ್ತಿನದು..." ಅಂದಳು. ಮುಂದಿನದನ್ನ ಹೇಳಲಿಲ್ಲ. ಇನ್ನೊಂದು ದಿನ ಒಬ್ಬ ಮುದುಕ, "ಇವತ್ತಿಂದೂ ಪರವಾಗಿಲ್ಲ ಬಿಡು, ಆದರೆ ಅವತ್ತಿನದು ಅಂದರೆ ಅವತ್ತಿನದು" ಅಂದ. ಪ್ರೀತಿಯಿಂದಲೇ ಅಂದ.

ಅವಳು ಈಗ ಕೂಗೋಕೆ ಮುಂಚೆ ಯೋಚನೆ ಮಾಡೋಳು. ನೀರು ಸೇದ್ತಾ ಒಂದು ಸಾಲು ಕಟ್ಟೋಳು. ಕೊಡ ತುಂಬೋದರೊಳಗೆ ಅದು ಸಪ್ಪೆ ಅನ್ಸೋದು. ಇನ್ನೊಂದು ಕಟ್ಟೋಳು. ಅದು ಅವತ್ತಿನದರ ಹಾಗೇ ಇದೆ ಅನ್ಸೋದು. ಮತ್ತೊಂದು ಅವತ್ತಿನದರ ಹಾಗೆ ಇಲ್ಲವೇ ಇಲ್ಲ ಅನ್ಸೋದು. ದಡಕ್ಕೆ ಹೋಗೋ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರ್ತಿರಲಿಲ್ಲ. ಅರ್ಧ ಮನಸ್ಸಿನಿಂದ ಏನೋ ಒಂದು ಕೂಗೋಳು. ದನಿ ಸಣ್ಣದಾಗ್ತಾ ಬಂತು. ದೋಣಿಗಳು ತಡವಾಗಿ ಬರೋಕೆ ಶುರುವಾದವು.

ತಮ್ಮ ಗಮನಿಸಿದ. ಅವನು ತಾಯಿಯ ಥರ ಕುಶಾಲಿನ ಮನುಷ್ಯ.

"ಏನಕ್ಕ, ಇವತ್ತು ಕೂಗಿದ್ದೋ ಆಕಳಿಸಿದ್ದೋ? ನನಗಂತೂ ಆಕಳಿಕೆ ಬಂತು."

ಅವಳು ನಗಲಿಲ್ಲ. "ಅವತ್ತು ಕೂಗಿದ್ದು ನಾನಲ್ಲ ಅನ್ಸುತ್ತೆ ಕಣೋ" ಅಂದಳು. "ಅಮ್ಮನೇ ಬಂದು ಕೂಗಿ ಹೋದಳೇನೋ. ನನ್ನ ಹತ್ರ ಏನೂ ಇಲ್ಲ. ಯಾವಾಗಲೂ ಇರಲಿಲ್ಲ."

"ಅಮ್ಮನಾ? ಅಮ್ಮ ಆಗಿದ್ದರೆ ಎಮ್ಮೆ ಬರದೆ ಇರ್ತಿತ್ತಾ ಅದರಲ್ಲಿ?" ಅಂದ ತಮ್ಮ. ಆಮೇಲೆ ಅವಳ ಮುಖ ನೋಡಿ ತಮಾಷೆ ನಿಲ್ಲಿಸಿದ. "ನೋಡಕ್ಕ. ಅಲ್ಲಿ ಮಂಜಲ್ಲಿ ಕೂತಿರೋವಾಗ ನಮಗೆ ಎದೆ ಡವಡವ ಅಂತಿರುತ್ತೆ. ನೀನು ಎಮ್ಮೆ ಅನ್ನು, ಮುದ್ದೆ ಅನ್ನು, ನನ್ನನ್ನ ಬೈ. ಆದರೆ ಜೋರಾಗಿ ಅನ್ನು."

"ಹೂಂ" ಅಂದಳು. ಅವನ ಮಾತು ಸರಿ ಅಂತ ಗೊತ್ತಿತ್ತು. ಗೊತ್ತಿದ್ದರೂ ಎಮ್ಮೆ ಅಂತ ಕೂಗೋಕೆ ಅವಳಿಗೆ ಆಗ್ತಿರಲಿಲ್ಲ. ಬಾಗಿಲು ಹಾಕಿಲ್ಲ ಬನ್ನಿ ಅಂದ ಬಾಯಿ ಅದು. ಎಮ್ಮೆ ಅಂದರೆ ಜನ ಏನಂತಾರೆ? ಇಷ್ಟೇನಾ ಇವಳು ಅನ್ನಲ್ವಾ?

ಒಂದು ಬೆಳಗ್ಗೆ ಮಂಜು ಬಿತ್ತು. ಅಂಥ ಮಂಜನ್ನ ಊರಿನವರು ಎಂದೂ ನೋಡಿರಲಿಲ್ಲ. ದಡದ ಮೇಲೆ ನಿಂತರೆ ದಡವೇ ಕಾಣ್ತಿರಲಿಲ್ಲ. ಅವಳು ಬಂದು ನಿಂತಳು. ಹೆಂಗಸರು ಹಿಂದೆ ನಿಂತರು. ದೂರದಲ್ಲಿ ಹುಟ್ಟಿನ ಸದ್ದು ಕೇಳಿಸ್ತು. ನಡುಗಡ್ಡೆಯಿಂದ ಮೊದಲು ಹೊರಟ ದೋಣಿ ಅದು, ಅದರಲ್ಲಿ ಅವಳ ತಮ್ಮ ಇದ್ದ.

ಅವಳು ಬಾಯಿ ತೆಗೆದಳು. ಏನೂ ಬರಲಿಲ್ಲ.

ಕೋಳಿ ಕೂಗಿದೆ ಬನ್ನಿ ಅನ್ನೋದು ಬಂತು. ಛೀ, ಇದನ್ನ ಯಾರು ಬೇಕಾದರೂ ಕೂಗ್ತಾರೆ ಅಂತ ಬಿಟ್ಟಳು. ಸೂರ್ಯ ದಾರಿಯಲ್ಲಿದ್ದಾನೆ ಅನ್ನೋದು ಬಂತು. ದಾರಿ ಅನ್ನೋ ಮಾತು ಅವತ್ತಿನದರಲ್ಲೇ ಇತ್ತಲ್ಲ ಅಂತ ಬಿಟ್ಟಳು. ಕಾಲು ಮರಗಟ್ಟಿತ್ತು. "ಚಳಿಗೆ ಸಾಯ್ತಾ ಇದ್ದೀನಿ, ಬೇಗ ಬನ್ರೋ" ಅನ್ನೋ ಮಾತು ತಾನಾಗೇ ತುಟಿವರೆಗೆ ಬಂತು. ಅಮ್ಮನ ದನಿಯಲ್ಲೇ ಬಂತು. ಅದನ್ನೂ ನುಂಗಿಕೊಂಡಳು.

ಹಿಂದಿನಿಂದ ಒಬ್ಬಳು ಪಿಸುಗುಟ್ಟಿದಳು. "ಕೂಗೇ ತಾಯಿ."

ಇನ್ನೊಬ್ಬಳು, "ಬಾಯಲ್ಲೇನು ಅವಲಕ್ಕಿ ಇಟ್ಕೊಂಡಿದ್ದೀಯಾ?" ಅಂದಳು. ಅವಳ ಗಂಡನೂ ಅದೇ ದೋಣಿಯಲ್ಲಿದ್ದ.

ಹುಟ್ಟಿನ ಸದ್ದು ಅತ್ತ ಇತ್ತ ಅಲೀತಿತ್ತು. ದಡ ಹುಡುಕ್ತಿದ್ದರು. ಒಂದು ಸಲ ಹತ್ತಿರ ಬರೋದು, ಒಂದು ಸಲ ಹಲ್ಲುಬಂಡೆ ಕಡೆ ಜಾರೋದು. ಅವಳ ಕಿವಿಯೊಳಗೆ ಒಂದೇ ಒಂದು ಕೂಗು ಉಳಿದಿತ್ತು. ಅದು ಹಳೇದು ಅಂತ ಅವಳಿಗೆ ಗೊತ್ತಿತ್ತು. ನಿಯಮವೂ ಗೊತ್ತಿತ್ತು. ಆದರೆ ಅದು ನನ್ನದೇ ಅಲ್ವಾ ಅಂದ್ಕೊಂಡಳು. ನಾನು ಕೂಗಿದ ಹಾಗೆ ಕೂಗೋಕೆ ನೀರಿಗೆ ಬರುತ್ತಾ? ನನ್ನ ತಮ್ಮನಿಗೆ ನನ್ನ ದನಿ ತಿಳಿಯಲ್ವಾ? ಎಲ್ಲರೂ ಅದನ್ನೇ ತಾನೇ ಕೇಳ್ತಿದ್ದದ್ದು?

ಕೂಗಿದಳು. ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು.

"ದಾರಿ ಮರೆತವರೇ ಬನ್ನಿ, ಊರ ಮರೆತವರೇ ಬನ್ನಿ,
ಒಲೆ ಇನ್ನೂ ಆರಿಲ್ಲ, ಬಾಗಿಲು ಹಾಕಿಲ್ಲ, ಬನ್ನಿ."

ಅವತ್ತಿಗಿಂತ ಚೆನ್ನಾಗಿ ಕೂಗಿದಳು. ಒಂದಕ್ಷರ ನಡುಗಲಿಲ್ಲ.

ಹಿಂದೆ ಯಾರೋ ಒಬ್ಬಳು ಬಾಯಿ ಮೇಲೆ ಕೈ ಇಟ್ಕೊಂಡಳು.

ನದಿ ಮೇಲೆ ಹುಟ್ಟಿನ ಸದ್ದು ನಿಂತಿತು. ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಹುಟ್ಟುಗಳು ಒಟ್ಟಿಗೆ ಬಿದ್ದವು. ಜೋರಾಗಿ, ಬೇಗಬೇಗ ಬಿದ್ದವು. ಸದ್ದು ದಡದಿಂದ ದೂರ ಹೋಗ್ತಾ ಇತ್ತು.

ಬೇರೆ ಯಾವ ಹಳೇ ಕೂಗಾಗಿದ್ದರೂ ದೋಣಿಯಲ್ಲಿದ್ದವರು ಮರೆತಿರ್ತಿದ್ದರೋ ಏನೋ. ಅವಳ ಸಪ್ಪೆ ಕೂಗುಗಳು ಯಾರಿಗೆ ನೆನಪಿದ್ದವು? ಇದು ಮಾತ್ರ ಪ್ರತಿಯೊಬ್ಬನಿಗೂ ಬಾಯಿಪಾಠ ಆಗಿತ್ತು. ಮೊದಲನೇ ಮಾತಿಗೇ ಗುರುತು ಹಿಡಿದರು.

ಅವಳಿಗೆ ಅರ್ಥವಾಯ್ತು. ನೀರಿಗೆ ಇಳಿದಳು. ಸೊಂಟದವರೆಗೆ ಇಳಿದು ತಮ್ಮನ ಹೆಸರು ಹಿಡಿದು ಕೂಗಿದಳು. ಮತ್ತೆ ಮತ್ತೆ ಕೂಗಿದಳು. ಅವನು ಹುಟ್ಟಿದಾಗಿಂದ ಆ ಹೆಸರನ್ನ ಆ ದಡದಲ್ಲಿ ಎಷ್ಟು ಸಲ ಕರೆದಿದ್ದರೋ, ನೀರು ಎಷ್ಟು ಸಲ ಕೇಳಿತ್ತೋ. ಅದೂ ಹಳೇದೇ. ಹೆಸರು ಕೇಳಿದಷ್ಟೂ ಹುಟ್ಟುಗಳು ಇನ್ನೂ ಬೇಗ ಬಿದ್ದವು. ಆಮೇಲೆ ಹುಟ್ಟಿನ ಸದ್ದು ಹಲ್ಲುಬಂಡೆಯ ನೀರಿನ ಸದ್ದಿನೊಳಗೆ ಸೇರ್ಕೊಂಡಿತು.

ಆ ದೋಣಿಯಲ್ಲಿದ್ದವರಲ್ಲಿ ಒಬ್ಬ ಮುದುಕ ಮಾತ್ರ ಬದುಕಿ ಬಂದ. ಒಂದು ಹಲಗೆ ತಬ್ಕೊಂಡು ಕೆಳಗಿನ ಊರಿನ ದಡಕ್ಕೆ ಬಿದ್ದಿದ್ದನಂತೆ. ಅವನನ್ನ ಹೊತ್ಕೊಂಡು ಬಂದರು. ಅವಳು ಅವನ ಕಾಲ ಹತ್ರ ಕೂತಳು. ಅವನೇ ಹೇಳಿದ.

"ಕೇಳಿದ್ವಿ ತಾಯಿ. ಚೆನ್ನಾಗಿ ಕೇಳಿದ್ವಿ. ಒಂದಕ್ಷರ ತಪ್ಪಿರಲಿಲ್ಲ. ನೀರು ಎಷ್ಟು ಚೆನ್ನಾಗಿ ಕಲಿತುಬಿಟ್ಟಿದೆ ಅಂತ ಮೈ ಝುಂ ಅಂತು. ನಾನು ಅನುಮಾನ ಪಟ್ಟೆ. ನಿನ್ನ ದನಿ ಇರಬಹುದೇನೋ ಅಂದೆ. ನಿನ್ನ ತಮ್ಮ ಬಿಡಲಿಲ್ಲ. 'ತಿರುಗಿಸ್ರೋ, ಇದು ನಮ್ಮಕ್ಕ ಅಲ್ಲ' ಅಂದ. 'ನಮ್ಮಕ್ಕ ಹಳೇದನ್ನ ಕೂಗೋಳಲ್ಲ' ಅಂದ."

ಅವಳು ಎದ್ದು ಮನೆಗೆ ಹೋದಳು. ಒಳಗೆ ಹೋಗಿ ಬಾಗಿಲು ಹಾಕ್ಕೊಂಡಳು.

ಇಲ್ಲಿಗೆ ಮೇಷ್ಟ್ರು ನಿಲ್ಲಿಸಿದರು.

ಅಜ್ಜಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಇಂಥ ಕತೆ ಹೇಳೋಕಾ ಮೇಷ್ಟ್ರೇ ನಿಮ್ಮನ್ನ ಕರ್ಕೊಂಡು ಬಂದಿದ್ದು? ಮಗಳಿಗೆ ಧೈರ್ಯ ಹೇಳಿ ಅಂತ ಕರೆದರೆ..." ಅಂತ ಗೊಣಗಿದರು. ಮೇಷ್ಟ್ರು ಕೈ ಎತ್ತಿ ಸುಮ್ಮನಿರಿ ಅಂದರು. ಒಳಗಡೆ ನೆಲದ ಮೇಲೆ ಏನೋ ಸರಿದ ಸದ್ದಾಗಿತ್ತು. ಅತ್ತೆ ಬಾಗಿಲ ಹತ್ರ ಬಂದು ಕೂತಿದ್ದರು. ಈಗ ಅವರ ದನಿ ಬಾಗಿಲ ಕೆಳಗಿನಿಂದ ಬಂತು, ತೀರಾ ಹತ್ತಿರದಿಂದ.

"ಅದನ್ನೇ ಮತ್ತೆ ಕೂಗಬಾರದಿತ್ತು. ಸುಮ್ಮನೂ ಇರಬಾರದಿತ್ತು. ಹೊಸದು ಅವಳ ಹತ್ರ ಇರಲಿಲ್ಲ. ಪಾಪ, ಅವಳು ಇನ್ನೇನು ಮಾಡಬೇಕಿತ್ತು ಮೇಷ್ಟ್ರೇ?"

ಮೇಷ್ಟ್ರು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತರು. ಅವರ ಮಂಡಿಗೆ ಅದು ಸುಲಭ ಇರಲಿಲ್ಲ. ಬಾಗಿಲಿಗೆ ಮುಖ ಹತ್ತಿರ ತಂದು ಹೇಳಿದರು.

"ಇಂದೂ, ಅವತ್ತು ಅವಳು ಬರೀ ಕೆಮ್ಮಿದ್ದರೂ ತಮ್ಮ ದಡಕ್ಕೆ ಬರ್ತಿದ್ದ."



ಮೇಷ್ಟ್ರು ಕಾದರು. ಅಜ್ಜಿಯೂ ಕಾದರು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಮೇಲೆ ಬಿತ್ತು, ಅಜ್ಜಿ ಏಳಲಿಲ್ಲ. ಮೇಷ್ಟ್ರು ಬಾಗಿಲಿಗೆ ಕಿವಿ ಇಟ್ಟು ಕೂತರು, ಮಂಜಿನಲ್ಲಿ ದೋಣಿಯವರು ಕಿವಿ ಕೊಟ್ಟು ಕೂರೋ ಹಾಗೆ. ತುಂಬ ಹೊತ್ತಾದ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು.

ಬಾಗಿಲು ಹಾಕೇ ಇತ್ತು. ಯಾರೂ ಓಗೊಡಲಿಲ್ಲ.